ಪ್ರಕಟಣೆಯ ಹಿಂಪುಟ

ನಗರಸಭೆಯ ವಾರದ ಪ್ರಕಟಣೆ ಎಂದರೆ ಒಂದೇ ಒಂದು ಹಾಳೆ. ಮುಂಪುಟದಲ್ಲಿ ಮುಂಬರುವ ಸಭೆಗಳು, ಹಿಂಪುಟದಲ್ಲಿ ಊರಿನ ಸುದ್ದಿ. ಶುಕ್ರವಾರ ಅಚ್ಚಾಗಿ ಶನಿವಾರ ಬೆಳಗಾಗುವಷ್ಟರಲ್ಲಿ ಮನೆಮನೆಯ ಬಾಗಿಲ ಸಂದಿಯಲ್ಲಿರುತ್ತಿದ್ದ ಆ ಹಾಳೆಯ ಮುಂಪುಟವನ್ನು ಇಪ್ಪತ್ತೆರಡು ವರ್ಷಗಳಿಂದ ಸಿದ್ಧಪಡಿಸುತ್ತಿದ್ದವಳು ಪ್ರಕಟಣೆ ವಿಭಾಗದ ಗುಮಾಸ್ತೆ. ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಪ್ರಕಟಣೆಯಮ್ಮ’ ಎಂದೇ. ದಿನಾಂಕ, ವೇಳೆ, ಕೊಠಡಿ, ವಿಷಯ. ಇವುಗಳಲ್ಲಿ ಒಂದು ಅಂಕಿಯೂ ಅವಳ ಕೈಯಲ್ಲಿ ತಪ್ಪಿದ್ದಿಲ್ಲ. ಈ ನಿಷ್ಠೆಯನ್ನು ಸಣ್ಣದೆಂದು ಯಾರೂ ಬಗೆಯಕೂಡದು. ಊರನ್ನು ಆಳುವವರು ಬಾಗಿಲು ತೆರೆದಿಟ್ಟುಕೊಂಡು ಆಳಬೇಕೆಂಬ ಕಟ್ಟಳೆ ಕೊನೆಗೆ ನಿಂತಿರುವುದು ಇಂಥ ಗುಮಾಸ್ತೆಯರ ಶಿಸ್ತಿನ ಮೇಲೆಯೇ.

ಹಿಂಪುಟಕ್ಕೆ ಮಾತ್ರ ಅಷ್ಟು ವರ್ಷವೂ ಹೇಳುವವರು ಕೇಳುವವರು ಇರಲಿಲ್ಲ. ನಲ್ಲಿಯಲ್ಲಿ ನೀರು ನಿಲ್ಲುವ ದಿನ, ಕಸದ ಗಾಡಿಯ ಹೊತ್ತು, ಈಜುಕೊಳದ ವೇಳಾಪಟ್ಟಿ ಇಷ್ಟರಲ್ಲೇ ಅದು ಮುಗಿಯುತ್ತಿತ್ತು. ಐದು ತಿಂಗಳ ಹಿಂದೆ ನಗರಸಭೆಯ ಅಧ್ಯಕ್ಷೆ ಅದನ್ನು ಜನನ-ಮರಣ ಪ್ರಮಾಣಪತ್ರದ ಕೌಂಟರಿನಲ್ಲಿ ಕೂರುವ ಹೆಂಗಸಿಗೆ ಒಪ್ಪಿಸಿದರು. “ಊರೆಲ್ಲ ನಿಮ್ಮ ಕಿಟಕಿ ಮುಂದೆ ಬಂದು ಮಾತಾಡುತ್ತೆ. ಕೇಳಿದ್ದನ್ನ ನಾಲ್ಕು ಸಾಲು ಬರೀರಿ” ಎಂದರು. ಆ ಹೆಂಗಸು ಪ್ರಕಟಣೆಯಮ್ಮನ ಓರಗಿತ್ತಿ, ಗಂಡನ ತಮ್ಮನ ಹೆಂಡತಿ. ಇಬ್ಬರೂ ಇರುವುದು ಒಂದೇ ಮನೆಯಲ್ಲಿ. ಇವಳು ಕೆಳಗೆ, ಅವಳು ಮಹಡಿಯ ಮೇಲೆ.

ಅಲ್ಲಿಂದ ಊರು ಹಾಳೆಯನ್ನು ತಿರುಗಿಸಿ ಹಿಡಿಯತೊಡಗಿತು.

ಓರಗಿತ್ತಿ ಬರೆಯುತ್ತಿದ್ದದ್ದಾದರೂ ಏನು? ಗಡಿಯಾರ ರಿಪೇರಿಯವನು ತನ್ನ ಅಂಗಡಿಯನ್ನು ಒಂದು ದಿನವೂ ಹೊತ್ತಿಗೆ ಸರಿಯಾಗಿ ತೆರೆಯುವುದಿಲ್ಲವೆಂದು. ಅರವತ್ತೊಂದನೆಯ ವಯಸ್ಸಿನಲ್ಲಿ ಈಜು ಕಲಿತ ಕಾವಲುಗಾರನನ್ನು ಹೆಂಡತಿ ಟವೆಲ್ ಹಿಡಿದು ಕಾಯುತ್ತಾಳೆಂದು. ಇದಕ್ಕೆ ಪಾಂಡಿತ್ಯ ಬೇಡ, ಪರಿಶ್ರಮವೂ ಬೇಡ ಎಂದು ಪ್ರಕಟಣೆಯಮ್ಮ ತನಗೆ ತಾನೇ ಹೇಳಿಕೊಂಡಳು. ಆದರೆ ಕ್ಷೌರದಂಗಡಿಯವನು ಕನ್ನಡಿಯ ಪಕ್ಕ ಹಾಳೆ ಅಂಟಿಸುವಾಗ ಅಂಟು ಬಳಿದದ್ದು ಮುಂಪುಟದ ಮೈಗೆ. ಹಾದಿಯಲ್ಲಿ ನಿಂತು ಅದನ್ನು ಕಂಡ ಅವಳಿಗೆ ತನ್ನ ಮುಖಕ್ಕೇ ಅಂಟು ಬಳಿದು ಗೋಡೆಗೆ ಒತ್ತಿದಂತಾಯಿತು.

ಮನೆಯೊಳಗೂ ಅದೇ ಕತೆ. ಇಪ್ಪತ್ತೆರಡು ವರ್ಷ ಆ ಹಾಳೆಯ ಮೇಲೆ ತರಕಾರಿ ಹೆಚ್ಚಿದ್ದ ಅತ್ತೆ ಈಗ ಭೂತಗನ್ನಡಿ ಕೊಂಡು ತಂದಿದ್ದರು.

“ಹಾಳೆ ಬಂತೇನೇ?”

“ಬಂತು ಅತ್ತೆ, ತಗೊಳ್ಳಿ.”

“ಆ ಕಡೆ ಅಲ್ವೇ, ಈ ಕಡೆ ತಿರುಗಿಸಿ ಕೊಡು. ಆ ಕಡೆ ಓದಿದ್ರೆ ನನಗೆ ಕೂತಲ್ಲೇ ನಿದ್ದೆ ಬರುತ್ತೆ.”

ಗಂಡ ಸ್ನಾನಕ್ಕೂ ಹೋಗದೆ ಓದಿ ಒಬ್ಬನೇ ನಗುತ್ತಿದ್ದ. “ಕೇಳಿಲ್ಲಿ, ಏನು ಚೆನ್ನಾಗಿ ಬರ್ದಿದ್ದಾಳೆ ಗೊತ್ತಾ” ಎಂದ. “ನೀರು ಕಾದಿದೆ” ಎಂದಳು ಅವಳು. ಕಾದದ್ದು ನೀರೊಂದೇ ಆಗಿರಲಿಲ್ಲ.

ಮತ್ಸರ ತನ್ನ ಹೆಸರು ಹೇಳಿಕೊಂಡು ಬಂದರೆ ಯಾರಾದರೂ ಬಾಗಿಲು ಹಾಕಿಯಾರು. ಅದು ನಿಯಮಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬರುತ್ತದೆ. ನಾವೇ ಎದ್ದು ಕುರ್ಚಿ ಕೊಡುತ್ತೇವೆ. ಪ್ರಕಟಣೆಯ ನಿಯಮವೊಂದಿತ್ತು: ಮೊದಲು ಸಭೆಗಳು, ಅವು ಮುಂಪುಟದಲ್ಲಿ ಹಿಡಿಸದಿದ್ದರೆ ಹಿಂಪುಟಕ್ಕೆ ಹರಿಯಬೇಕು, ಉಳಿದ ಜಾಗ ಸುದ್ದಿಗೆ. ಪುಟ ಹೊಂದಿಸುವ ಅಧಿಕಾರ ಪ್ರಕಟಣೆಯಮ್ಮನದು. ಹಿಂದೆ ಅವಳು ಏಳೆಂಟು ಸಭೆಗಳನ್ನು ಹಾಕಿ ಕೈತೊಳೆದುಕೊಳ್ಳುತ್ತಿದ್ದಳು. ಈಗ ಯಾರೂ ಬರಬೇಕಿಲ್ಲದ, ಯಾರೂ ಕರೆಯದ ಒಳಸಭೆಗಳನ್ನೆಲ್ಲ ಕಡತಗಳಿಂದ ಹೆಕ್ಕಿ ತಂದಳು: ಉದ್ಯಾನದ ಬೆಂಚುಗಳ ಬಣ್ಣ ಆಯ್ಕೆ ಉಪಸಮಿತಿ, ಬೀದಿನಾಯಿ ಗಣತಿಯ ಪೂರ್ವಸಿದ್ಧತೆಯ ಸಮಾಲೋಚನೆ, ಹಿಂದಿನ ನಡಾವಳಿಯ ದೃಢೀಕರಣದ ದೃಢೀಕರಣ. ಪಟ್ಟಿ ಮುಂಪುಟ ತುಂಬಿ ಹಿಂಪುಟಕ್ಕೆ ಇಳಿಯಿತು. ಓರಗಿತ್ತಿಯ ಬರಹವನ್ನು ಅವಳು ಅಡಿಕೋಲಿನಿಂದ ಅಳೆದು, ಹೆಚ್ಚಾದಷ್ಟನ್ನು ಕೆಳಗಿನಿಂದ ಕತ್ತರಿಸಿ, ನಿಯಮದಂತೆ ಒಂದು ವರ್ಷ ಕಾಪಾಡಲು ಮೇಜಿನ ಖಾನೆಗೆ ಹಾಕುತ್ತಿದ್ದಳು. ಕತ್ತರಿಸುವ ಮುನ್ನ ಓದುತ್ತಿರಲಿಲ್ಲ. ಓದದಿರುವುದೇ ಅವಳಿಗೆ ಹೆಮ್ಮೆ.

“ಏನಮ್ಮ, ಊರಲ್ಲಿ ಮನೆಗಿಂತ ಸಭೆ ಜಾಸ್ತಿ ಆಯ್ತಾ?” ಎಂದು ಅಚ್ಚುಮನೆಯವನು ಕೇಳಿದ.

“ಅಚ್ಚು ಹಾಕೋದು ನಿಮ್ಮ ಕೆಲಸ. ಲೆಕ್ಕ ಇಡೋದು ನನ್ನದು.”

ಓರಗಿತ್ತಿಗೆ ಸಿಟ್ಟಾದರೂ ಬಂದಿದ್ದರೆ ಸಮಾಧಾನವಾಗುತ್ತಿತ್ತು. “ಪರವಾಗಿಲ್ಲ ಅಕ್ಕ, ಪುಟಕ್ಕೂ ಹೊಟ್ಟೆ ಅಂತ ಒಂದಿರುತ್ತಲ್ಲ, ತುಂಬಿದ ಮೇಲೆ ಎಲ್ಲಿ ತುರುಕೋದು” ಎಂದು ನಕ್ಕುಬಿಟ್ಟಳು. ಆ ನಗು ಪ್ರಕಟಣೆಯಮ್ಮನ ಎದೆಯಲ್ಲಿ ಮುಳ್ಳಾಗಿ ಕೂತಿತು. ಇವಳಿಗೆ ಒಳ್ಳೆಯತನವೂ ತಾನಾಗಿಯೇ ಒದಗಿಬರಬೇಕೆ!

ಹಾಗಿರುವಾಗ ಒಂದು ಗುರುವಾರ ಬೆಳಗ್ಗೆ ಓರಗಿತ್ತಿ ಕೈಚೀಲದೊಡನೆ ಮಹಡಿಯಿಂದ ಇಳಿದು ಬಂದಳು. ಅವಳ ತಂಗಿಗೆ ಹೆರಿಗೆಯಾಗಿತ್ತು. ಎಂಟು ದಿನ ತವರಿನಲ್ಲಿರಬೇಕು.

“ಅಕ್ಕ, ಈ ವಾರದ ಬರಹ. ಈ ಸಲ ಮಾತ್ರ ದಯವಿಟ್ಟು ಒಂದು ಸಲ ಓದಿ. ಹೇಳೋಣ ಅಂದ್ರೆ ಬಸ್ಸಿಗೆ ಹೊತ್ತಾಯ್ತು.”

“ಓದ್ತೀನಿ ಬಿಡು.”

ಓದಲಿಲ್ಲ. ಆ ವಾರ ಅವಳು ಹತ್ತೊಂಬತ್ತು ಸಭೆಗಳನ್ನು ಕೂಡಿಸಿದ್ದಳು. ಹಿಂಪುಟದಲ್ಲಿ ಉಳಿದದ್ದು ನಾಲ್ಕು ಬೆರಳಿನಷ್ಟು ಜಾಗ. ಓರಗಿತ್ತಿಯ ಬರಹದ ತಲೆಯಲ್ಲಿ ಯಾರದೋ ಕಳೆದುಹೋದ ಕೊಡೆಯ ಸುದ್ದಿಯಿತ್ತು. ಅದು ಅಷ್ಟರಲ್ಲಿ ಹಿಡಿಸಿತು. ಮಿಕ್ಕದ್ದು ಖಾನೆಗೆ ಹೋಯಿತು. ಹತ್ತೊಂಬತ್ತರಲ್ಲಿ ಹದಿನೇಳನೆಯದು, ಎಂಜಿನಿಯರರ ವಿಭಾಗ ಕಳುಹಿಸಿದ ಮಾತಿನಲ್ಲೇ, ಹೀಗಿತ್ತು: ‘ಹಳಿಮಾರ್ಗೋಪರಿ ಪಾದಚಾರಿ ಸಂರಚನೆಯ ಉಪಯೋಗ ಹಿಂಪಡೆಯುವಿಕೆ ಕುರಿತ ಸಾರ್ವಜನಿಕ ಅಹವಾಲು ಸಭೆ. ಗುರುವಾರ, ಸಂಜೆ ಐದು, ದೊಡ್ಡ ಸಭಾಂಗಣ.’

ಅಂದರೆ ರೈಲುಹಳಿಯ ಮೇಲಿನ ನಡೆಸೇತುವೆಯನ್ನು ಮುಚ್ಚುವ ವಿಚಾರ. ಬಟ್ಟೆ ಕಾರ್ಖಾನೆಯ ಹೆಂಗಸರು, ಆಚೆ ಬದಿಯ ಆಸ್ಪತ್ರೆಗೆ ಹೋಗುವ ರೋಗಿಗಳು, ಶಾಲೆಯ ಮಕ್ಕಳು, ದಿನಕ್ಕೆ ಸಾವಿರಾರು ಕಾಲುಗಳು ಹತ್ತಿಳಿಯುವ ಸೇತುವೆ ಅದು. ಪ್ರಕಟಣೆಯಮ್ಮನಿಗೆ ಅದು ತಿಳಿದಿತ್ತು. ಪ್ರಕಟವಾಗಿದೆಯಲ್ಲ, ನನ್ನ ಕರ್ತವ್ಯ ಮುಗಿಯಿತು ಎಂದುಕೊಂಡಳು.

ಮುಂದಿನ ಗುರುವಾರ ಸಂಜೆ ಐದಕ್ಕೆ ದೊಡ್ಡ ಸಭಾಂಗಣದ ಇನ್ನೂರು ಕುರ್ಚಿಗಳಲ್ಲಿ ಕೂತಿದ್ದವರು ಮೂರು ಜನ. ಚರಂಡಿಯ ದೂರು ಹಿಡಿದು ಬಂದವನೊಬ್ಬ. ಫ್ಯಾನಿನ ಗಾಳಿಗೆಂದು ಬಂದ ಮುದುಕರೊಬ್ಬರು. ಗ್ರಂಥಾಲಯದ ಸದಸ್ಯತ್ವ ಇಲ್ಲೇ ಕೊಡುತ್ತಾರೆಂದು ತಪ್ಪಿ ಬಂದಿದ್ದ ಹೆಂಗಸೊಬ್ಬಳು. ವೇದಿಕೆಯ ಮೇಲೆ ಅಧ್ಯಕ್ಷೆ ಮತ್ತು ಎಂಜಿನಿಯರರು. ಪಕ್ಕದ ಸಣ್ಣ ಮೇಜಿನಲ್ಲಿ ನಡಾವಳಿ ಬರೆಯಲು ಪ್ರಕಟಣೆಯಮ್ಮ.

“ಆಕ್ಷೇಪಣೆ ಇರೋರು ಯಾರಾದ್ರೂ ಇದ್ದೀರಾ?” ಎಂದು ಅಧ್ಯಕ್ಷೆ ಕೇಳಿದರು.

“ಚರಂಡಿ ಬಗ್ಗೆ ಇದೆ” ಎಂದ ದೂರಿನವನು.

“ಅದು ಇವತ್ತಿನ ವಿಷಯ ಅಲ್ಲ.” ಅಧ್ಯಕ್ಷೆ ಗುಮಾಸ್ತೆಯ ಕಡೆ ಬಾಗಿದರು. “ಜನಕ್ಕೆ ಆ ಸೇತುವೆ ಬೇಕು ಅಂತ ನಾನು ತಿಳ್ಕೊಂಡಿದ್ದೆ. ಬೇಡ ಅಂತ ಕಾಣುತ್ತೆ. ನಿಮ್ಮ ಓರಗಿತ್ತಿನೂ ಒಂದು ಸಾಲು ಬರೀಲಿಲ್ಲವಲ್ಲ, ಕೊಡೆ ಬಗ್ಗೆ ಬರೆದಿದ್ರು. ಹತ್ತು ನಿಮಿಷ ಕಾಯೋಣ. ಆಮೇಲೆ ‘ಆಕ್ಷೇಪಣೆ ಇಲ್ಲ’ ಅಂತ ಬರ್ಕೊಂಡು ಮುಗಿಸಿಬಿಡೋಣ.”

ಪ್ರಕಟಣೆಯಮ್ಮ ಪೆನ್ನು ಕೆಳಗಿಟ್ಟಳು. ಎದ್ದು ತನ್ನ ಕೊಠಡಿಗೆ ಹೋಗಿ, ಖಾನೆ ಎಳೆದು, ಕತ್ತರಿಸಿದ ಕಾಗದವನ್ನು ಮೊದಲ ಬಾರಿಗೆ ಓದಿದಳು.

‘ಹಳಿಯ ಮೇಲಿನ ನಡೆಸೇತುವೆಯನ್ನು ಮುಚ್ಚಬೇಕೆಂದು ನಗರಸಭೆ ಯೋಚಿಸುತ್ತಿದೆ. ಮುಚ್ಚಿದರೆ ಆಚೆಯ ಆಸ್ಪತ್ರೆಗೆ ನಲವತ್ತು ನಿಮಿಷದ ಸುತ್ತು. ಬೇಕು ಎನ್ನುವವರೂ ಬೇಡ ಎನ್ನುವವರೂ ಗುರುವಾರ ಸಂಜೆ ಐದಕ್ಕೆ ಬಂದು ಬಾಯಿಬಿಟ್ಟು ಹೇಳಿ. ಮನೆಯಲ್ಲಿ ಕೂತು ಗೊಣಗಿದರೆ ಯಾರಿಗೂ ಕೇಳಿಸುವುದಿಲ್ಲ. ಎಲ್ಲಿ ಎಂಬುದನ್ನು ಮುಂಪುಟದಲ್ಲಿ ನೋಡಿಕೊಳ್ಳಿ. ಅದನ್ನು ಬರೆಯುವವರು ಇಪ್ಪತ್ತೆರಡು ವರ್ಷದಲ್ಲಿ ಒಂದು ಅಂಕಿ ತಪ್ಪಿದವರಲ್ಲ. ನಾನು ಇಷ್ಟು ನಿಶ್ಚಿಂತೆಯಾಗಿ ಹರಟುವುದು ಅವರ ಪುಟ ನನ್ನ ಬೆನ್ನಿಗಿದೆ ಎಂಬ ಧೈರ್ಯದಿಂದ.’

ಐದು ತಿಂಗಳಿಂದ ಯಾರ ಬಾಯಲ್ಲಾದರೂ ಕೇಳಬೇಕೆಂದು ಅವಳು ಹಂಬಲಿಸಿದ್ದ ಮಾತು ಅದು. ಅದನ್ನು ತನ್ನ ಕತ್ತರಿಯಿಂದ ತಾನೇ ಕತ್ತರಿಸಿ ಖಾನೆಗೆ ಹಾಕಿದ್ದಳು.

ಸುಮ್ಮನಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಪುಟಕ್ಕೆ ಹಿಡಿಸಲಿಲ್ಲ ಎಂದರೆ ಓರಗಿತ್ತಿಯೂ ನಂಬುತ್ತಿದ್ದಳು. ಬಾಯಿಬಿಟ್ಟರೆ ಪ್ರಕಟಣೆ ಕೈಬಿಟ್ಟುಹೋಗುವುದು, ಅದೂ ಓರಗಿತ್ತಿಯ ಕೈಗೆ ಹೋಗುವುದು ಖಚಿತ. ಬೇರೆ ಯಾರಿಗಾದರೂ ಹೋಗಲಿ, ಅವಳಿಗೆ ಬೇಡ ಎಂದು ಮನಸ್ಸು ಹಟ ಹಿಡಿಯಿತು. ತಾನು ಹಾಳಾದರೂ ಚಿಂತೆಯಿಲ್ಲ, ಪಕ್ಕದವಳು ಬೆಳಗಬಾರದು. ಮತ್ಸರದ ನೀಚತನ ಇಷ್ಟರ ಮಟ್ಟಿನದು. ಆದರೆ ನಿಯಮದ ಹೆಸರಿನಲ್ಲಿ ಅಷ್ಟು ವಾರ ಅನ್ಯಾಯ ಮಾಡಿದವಳಿಗೆ ನಿಯಮವೂ ಬಾಯಿಪಾಠವಾಗಿತ್ತು. ಒಂಬತ್ತನೆಯ ನಿಯಮ: ‘ಸಾಮಾನ್ಯ ನಿವಾಸಿಗೆ ತಿಳಿಯುವ ಮಾತಿನಲ್ಲಿ, ಐದು ದಿನ ಮುಂಚಿತವಾಗಿ ತಿಳಿಸದ ಅಹವಾಲು ಸಭೆ ಅಸಿಂಧು.’ ಅದನ್ನು ಹೇಳಬಲ್ಲವಳು ಆ ಕಟ್ಟಡದಲ್ಲಿ ಅವಳೊಬ್ಬಳೇ.

ಅವಳು ಮರಳಿ ಬಂದಾಗ ಎಂಜಿನಿಯರರು ಪೆನ್ನಿನ ಮುಚ್ಚಳ ಹಾಕುತ್ತಿದ್ದರು.

“ಮೇಡಂ, ಈ ಸಭೆ ನಡೆಯೋ ಹಾಗಿಲ್ಲ” ಎಂದಳು ಪ್ರಕಟಣೆಯಮ್ಮ. “ಒಂಬತ್ತನೇ ನಿಯಮ. ನಾವು ಹಾಕಿದ್ದು ಯಾರಿಗೂ ಅರ್ಥ ಆಗೋ ಮಾತಲ್ಲ. ಅರ್ಥ ಆಗೋ ಹಾಗೆ ಬರೆದದ್ದು ಒಂದಿತ್ತು. ಅದು ಅಚ್ಚಾಗಲಿಲ್ಲ.” ಕಾಗದವನ್ನು ಮುಂದಿಟ್ಟಳು.

ಅಧ್ಯಕ್ಷೆ ಓದಿದರು. ಹುಬ್ಬು ಗಂಟಾಯಿತು. “ಯಾರ ತಪ್ಪು ಇದು? ಅಚ್ಚುಮನೆಯವನದಾ?”

ಹೌದು ಎನ್ನಲು ಒಂದು ಕ್ಷಣ ಸಾಕಿತ್ತು.

“ನನ್ನದು. ನಾನೇ ಕತ್ತರಿಸಿದ್ದು.”

“ಜಾಗ ಇರಲಿಲ್ವಾ?”

“ಇತ್ತು. ಇಲ್ಲದ ಹಾಗೆ ಮಾಡಿದೆ. ಬೆಂಚು, ನಾಯಿ, ದೃಢೀಕರಣ ಎಲ್ಲ ತುಂಬಿಸಿದೆ.”

“ಯಾಕೆ?”

“ಹೊಟ್ಟೆಕಿಚ್ಚು ಮೇಡಂ.”

ಚರಂಡಿಯ ದೂರಿನವನು ಕುತ್ತಿಗೆ ಚಾಚಿದ. “ಇದನ್ನೂ ನಡಾವಳೀಲಿ ಬರ್ಕೊಳ್ತೀರಾ?”

“ಬರ್ಕೊಳ್ತೀನಿ” ಎಂದಳು. ಕೂತು ಬರೆದಳು, ಪದ ಬದಲಾಯಿಸದೆ.

ಸಭೆ ಎರಡು ವಾರ ಮುಂದಕ್ಕೆ ಹೋಯಿತು. ಪ್ರಕಟಣೆಯ ಎರಡೂ ಪುಟಗಳು ಓರಗಿತ್ತಿಯ ಪಾಲಾದವು. ಅಂಕಿಗಳನ್ನು ತಾಳೆ ನೋಡಿ ಸಹಿ ಹಾಕುವ ಕೆಲಸವಷ್ಟೇ ಪ್ರಕಟಣೆಯಮ್ಮನಿಗೆ ಉಳಿಯಿತು.

ತವರಿನಿಂದ ಬಂದ ಓರಗಿತ್ತಿ ವಿಷಯವನ್ನೆಲ್ಲ ಅತ್ತೆಯ ಬಾಯಿಂದ ಕೇಳಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಈ ಸಲ ನಗಲಿಲ್ಲ.

“ಓದ್ತೀನಿ ಅಂದಿದ್ರಿ ಅಕ್ಕ.”

“ಅಂದಿದ್ದೆ.”

“ನನ್ನದು ಎಷ್ಟು ಕತ್ತರಿಸಿದ್ರೂ ನಾನು ಬೇಜಾರು ಮಾಡ್ಕೊಳ್ಳಲಿಲ್ಲ. ಆದ್ರೆ ಓದ್ತೀನಿ ಅಂದಿದ್ರಿ.” ಅಷ್ಟು ಹೇಳಿ ಮಹಡಿ ಹತ್ತಿಹೋದಳು. ಪ್ರಕಟಣೆಯಮ್ಮನಿಗೆ ಅವಳ ಆ ಸಿಟ್ಟೂ ತನ್ನ ಸಿಟ್ಟಿಗಿಂತ ಅಂದವಾಗಿದೆ ಎನಿಸಿತು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವೂ ಆಯಿತು. ತಪ್ಪನ್ನು ಒಪ್ಪಿಕೊಂಡ ಮಾತ್ರಕ್ಕೆ ಮತ್ಸರ ಮೂಟೆ ಕಟ್ಟಿಕೊಂಡು ಹೊರಟುಹೋಗುವುದಿಲ್ಲ. ಅದರ ಮಾತು ಕೇಳದಿರುವುದೊಂದೇ ಮನುಷ್ಯರ ಕೈಯಲ್ಲಿರುವುದು.

ಹೊಸ ಪ್ರಕಟಣೆಯ ಕರಡು ಅವಳ ಮೇಜಿಗೆ ಬಂತು. ಮೇಲ್ಗಡೆಯೇ, ದಪ್ಪ ಅಕ್ಷರದಲ್ಲಿ, ‘ನಡೆಸೇತುವೆ ಇರಬೇಕೋ ಬೇಡವೋ? ಬಂದು ಹೇಳಿ.’ ಅವಳು ಮೂರು ಸಲ ತಪ್ಪು ಹುಡುಕಿದಳು. ಒಂದಾದರೂ ಸಿಕ್ಕಲೆಂದು ಆಸೆಪಟ್ಟಳು. ಸಿಗಲಿಲ್ಲ. ‘ಸರಿಯಿದೆ’ ಎಂದು ಬರೆದು ಸಹಿ ಹಾಕಿದಳು.

ಆ ಗುರುವಾರ ಇನ್ನೂರು ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತರು. ಕಾರ್ಖಾನೆಯ ಹೆಂಗಸರು ಪಾಳಿ ಮುಗಿಸಿ ನೂಲು ಅಂಟಿದ ಬಟ್ಟೆಯಲ್ಲೇ ಬಂದಿದ್ದರು. ಒಬ್ಬೊಬ್ಬರೂ ಎದ್ದು ಹೇಳಿದರು, ಎಂಜಿನಿಯರರು ಬೆವರಿದರು, ಬದಲಿ ದಾರಿ ಆಗುವ ತನಕ ಸೇತುವೆಯನ್ನು ಮುಚ್ಚಕೂಡದೆಂದು ತೀರ್ಮಾನವಾಯಿತು.

ಜನ ಹೊರಗೆ ಹರಿಯುವಾಗ ಊರುಗೋಲಿನ ಮುದುಕಿಯೊಬ್ಬಳು ಹಾಳೆಯನ್ನು ಮಡಿಸಿ ಹಿಡಿದು ಪ್ರಕಟಣೆಯಮ್ಮನ ಮೇಜಿನ ಮುಂದೆ ನಿಂತಳು. “ನಿಮ್ಮನ್ನ ವರ್ಷಗಳಿಂದ ಇಲ್ಲಿ ನೋಡ್ತಾ ಇದ್ದೀನಿ ತಾಯಿ. ಇದನ್ನ ಬರೆದದ್ದು ನೀವೇ ಅಲ್ವಾ? ನಿಮಗೆ ಒಂದು ಸಲ ಕೈ ಮುಗೀಬೇಕು ಅಂತ ನಿಂತೆ.”

ಮುದುಕಿ ಊರುಗೋಲನ್ನು ಮೇಜಿಗೆ ಒರಗಿಸಿ ಆಗಲೇ ಕೈ ಜೋಡಿಸಿದ್ದಳು. ಸುಮ್ಮನೆ ತಲೆಯಾಡಿಸಿದ್ದರೆ ಅಷ್ಟೂ ಅವಳದಾಗುತ್ತಿತ್ತು. ಬಾಗಿಲ ಬಳಿ ಜನರ ನಡುವೆ ನಗುತ್ತ ನಿಂತಿದ್ದವಳ ಕಡೆ ಪ್ರಕಟಣೆಯಮ್ಮ ಬೆರಳು ಎತ್ತಿದಳು. ಕಬ್ಬಿಣದ ತುಂಡನ್ನು ಎತ್ತಿದಷ್ಟು ಭಾರವಾಗಿತ್ತು ಆ ಬೆರಳು.

“ನಾನಲ್ಲಮ್ಮ. ಅವಳು. ನನ್ನ ಓರಗಿತ್ತಿ. ಬೇಗ ಹೋಗಿ, ಇಲ್ಲಾಂದ್ರೆ ಜನ ಬಿಡಲ್ಲ.”

ಮುದುಕಿ ಆ ಕಡೆ ತಿರುಗಿ ಹೋದಳು. ಪ್ರಕಟಣೆಯಮ್ಮ ತಲೆ ತಗ್ಗಿಸಿ, ಹಾಜರಿದ್ದವರ ಸಂಖ್ಯೆಯನ್ನು ನಡಾವಳಿಯಲ್ಲಿ ಬರೆದಳು.