ಕೂದಲೆಳೆಯವರ ಮಚ್ಚೆ

ನಾನು ಅವರನ್ನು ಮೊದಲ ಸಲ ಕಂಡಾಗ ಅವರು ಎಡಗೈಯನ್ನು ಮೇಜಿನ ಮೇಲೆ ಚಾಚಿ, ಬಲಗೈಯಲ್ಲಿ ವರ್ನಿಯರ್ ಕ್ಯಾಲಿಪರ್ ಹಿಡಿದು, ಮೊಣಕೈಯಿಂದ ನಾಲ್ಕು ಬೆರಳು ಕೆಳಗಿದ್ದ ಒಂದು ಮಚ್ಚೆಯನ್ನು ಅಳೆಯುತ್ತಿದ್ದರು. ಅದು ಕಾರ್ಖಾನೆಯ ಅಳತೆ ಕೋಣೆ; ಲೇತ್‌ಗಳಿಂದ ಇಳಿದ ಉಕ್ಕಿನ ಬಿಡಿಭಾಗಗಳು ಹೇಳಿದ ಗಾತ್ರಕ್ಕೆ ಬಂದಿವೆಯೇ ಎಂದು ನೋಡುವ ಜಾಗ. ನನಗೆ ಅಂದು ಕೆಲಸದ ಮೊದಲ ದಿನ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಸರ್ಟಿಫಿಕೇಟುಗಳ ಫೈಲನ್ನು ಎದೆಗವಚಿಕೊಂಡು ಗಾಜಿನ ಬಾಗಿಲಾಚೆ ನಿಂತಿದ್ದೆ. ಅವರು ಅವಸರಪಡಲಿಲ್ಲ. ಅಂಕಿಯನ್ನು ಎರಡು ಸಲ ಓದಿ, ಜೇಬಿನ ಪುಟ್ಟ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದು, ತೋಳಿಳಿಸಿ ಕಂದು ಬಣ್ಣದ ಕೋಟಿನ ಗುಂಡಿ ಹಾಕಿಕೊಂಡ ಮೇಲೆ ನನ್ನತ್ತ ನೋಡಿದರು.

"ಕೈ ತೊಳ್ಕೊಂಡು ಬನ್ನಿ. ಬಂದ್ಮೇಲೆ ಹತ್ತು ನಿಮಿಷ ಏನೂ ಮುಟ್ಬೇಡಿ. ಬಿಸಿಲಿಂದ ಬಂದ ಕೈ, ಉಕ್ಕು ಹಿಗ್ಗುತ್ತೆ."

ಕಾರ್ಖಾನೆಯಲ್ಲಿ ಅವರಿಗೆ ಕೂದಲೆಳೆಯವರು ಎಂಬ ಹೆಸರಿತ್ತು. ಒಮ್ಮೆ ಒಂದು ತಟ್ಟೆ ತುಂಬ ಕಬ್ಬಿಣದ ಗೂಟಗಳನ್ನು ಅವರು ತಿರಸ್ಕರಿಸಿದಾಗ, ಲೇತ್ ವಿಭಾಗದ ಮುಖ್ಯಸ್ಥ ಸಿಟ್ಟಾಗಿ, ತಪ್ಪಿರುವುದು ಒಂದು ಕೂದಲೆಳೆಯಷ್ಟು ತಾನೇ ಎಂದು ಕೇಳಿದನಂತೆ. ಬೋಳುತಲೆಯ ಇವರು ತಲೆಯೆತ್ತದೆ, "ಯಾರ ಕೂದಲು?" ಅಂದರಂತೆ. ಹೆಸರು ಅಂದಿನಿಂದ ಅಂಟಿತು. ಅವರ ನಡಿಗೆ ಕೂಡ ಅಳೆದು ಇಟ್ಟಂಥದು. ಬಾಗಿಲಿನಿಂದ ಮೇಜಿಗೆ ಏಳು ಹೆಜ್ಜೆ, ಕೈಯಲ್ಲಿ ಭಾರವಿದ್ದರೂ ಏಳೇ. ಯಾವುದನ್ನೇ ಕೇಳಿ, ಯಂತ್ರದ ಸದ್ದು, ಮಳೆಯ ಜೋರು, ಡಬ್ಬಿಯೂಟದ ಉಪ್ಪು, ಎಲ್ಲಕ್ಕೂ ಅವರ ಉತ್ತರ ಒಂದೇ: "ಮಿತಿಯೊಳಗಿದೆ." ಅವರ ಹೆಂಡತಿಯನ್ನು ನಾನು ಅಮ್ಮ ಎಂದೇ ಕರೆಯುತ್ತಿದ್ದೆ. ಮದುವೆಯಾಗಿ ಮೂವತ್ತು ವರ್ಷವಾದರೂ ತನ್ನ ಅಡುಗೆ ಚೆನ್ನಾಗಿದೆ ಎಂಬ ಮಾತು ಈ ಬಾಯಿಂದ ಬಂದಿಲ್ಲವೆಂದು ಅವರು ನನ್ನೆದುರಿಗೇ ದೂರಿದಾಗ, ಕೂದಲೆಳೆಯವರು ನಿಜವಾಗಿಯೂ ತಬ್ಬಿಬ್ಬಾದರು. ಮಿತಿಯೊಳಗಿದೆ ಎನ್ನುವುದಕ್ಕಿಂತ ದೊಡ್ಡ ಮೆಚ್ಚುಗೆ ಇನ್ನೇನಿದೆ ಎಂಬುದು ಅವರಿಗೆ ತಿಳಿದಿರಲಿಲ್ಲ.

ಮಚ್ಚೆಯ ಕತೆ ನನಗೆ ಗೊತ್ತಾಗಲು ತಿಂಗಳೆರಡು ಹಿಡಿಯಿತು. ಅವರ ಸೋದರಮಾವನಿಗೆ ಹಿಮ್ಮಡಿಯ ಮೇಲೊಂದು ಮಚ್ಚೆಯಿತ್ತಂತೆ. ಅದು ಬೆಳೆಯುತ್ತಿದ್ದುದನ್ನು ಮನೆಯವರು ಕಂಡರೂ ಹುಟ್ಟಿನಿಂದ ಬಂದದ್ದು ಎಂದು ಸುಮ್ಮನಿದ್ದರು. ಕೊನೆಗೆ ಆಸ್ಪತ್ರೆಗೆ ಹೋದಾಗ ಕಾಲ ಮೀರಿತ್ತು. ಆಗ ಹದಿನಾರು ವರ್ಷದವರಾಗಿದ್ದ ಇವರು, ತಾನು ಹಾಗೆ ಅಸಡ್ಡೆ ಮಾಡಬಾರದೆಂದು ಅಂದೇ ನಿಶ್ಚಯಿಸಿದರು. ತಮ್ಮ ತೋಳಿನ ಮಚ್ಚೆ ಯಾಕೋ ಮೊದಲಿನಂತಿಲ್ಲ ಎನ್ನಿಸಿದ ದಿನದಿಂದ ಪ್ರತಿ ತಿಂಗಳ ಮೊದಲ ಸೋಮವಾರ, ಊಟಕ್ಕೆ ಏಳುವ ಮೊದಲು, ಒಂದೇ ಕ್ಯಾಲಿಪರಿನಲ್ಲಿ, ಒಂದೇ ದಿಕ್ಕಿನಲ್ಲಿ ಅದನ್ನು ಅಳೆದು ಬರೆಯುತ್ತಿದ್ದರು. ಡಾಕ್ಟರಿಗೆ ತೋರಿಸಿ ಎಂದು ಅಮ್ಮ ಹೇಳಿದಾಗಲೆಲ್ಲ ಪುಸ್ತಕ ತೆಗೆದು ತೋರಿಸುತ್ತಿದ್ದರು. ಚರ್ಮ ಮೆತ್ತಗಿನ ವಸ್ತು, ಕ್ಯಾಲಿಪರಿನ ಹಿಡಿತದಲ್ಲಿ ಮಿಲಿಮೀಟರಿನ ಹತ್ತರಲ್ಲಿ ಮೂರು ಪಾಲು ಹೆಚ್ಚುಕಮ್ಮಿ ಆದೀತು. ಹೋದ ತಿಂಗಳಿಗಿಂತ ಅದನ್ನು ಮೀರಿ ಬೆಳೆದರೆ ಮಾತ್ರ ಆಸ್ಪತ್ರೆ ಎಂಬುದು ಅವರು ತಮಗೇ ಹಾಕಿಕೊಂಡ ನಿಯಮ. ಪ್ರತಿ ಅಂಕಿಯ ಪಕ್ಕದಲ್ಲೂ ಒಂದು ಸಣ್ಣ ಸರಿ ಗುರುತಿತ್ತು.

ಒಂದು ದಿನ ಆ ಪುಸ್ತಕದ ಮೇಲೆ ಯಂತ್ರದೆಣ್ಣೆ ಚೆಲ್ಲಿತು. ನನ್ನ ಅಕ್ಷರ ಚೆನ್ನಾಗಿದೆಯೆಂದು, ಹೊಸದೊಂದಕ್ಕೆ ನಕಲು ಮಾಡಿಕೊಡಲು ಹೇಳಿದರು. ಇಪ್ಪತ್ತೆರಡು ತಿಂಗಳ ಇಪ್ಪತ್ತೆರಡು ಅಂಕಿಗಳು. ಮೊದಲನೆಯದು ನಾಲ್ಕು ಪಾಯಿಂಟ್ ಎರಡು. ಕೊನೆಯದು ಆರು ಪಾಯಿಂಟ್ ಒಂಬತ್ತು. ನಾನು ಬರೆಯುವುದನ್ನು ನಿಲ್ಲಿಸಿ ಮತ್ತೊಮ್ಮೆ ಓದಿದೆ. ಯಾವ ತಿಂಗಳೂ ಹಿಂದಿನ ತಿಂಗಳಿಗಿಂತ ಹತ್ತರಲ್ಲಿ ಎರಡು ಪಾಲಿಗಿಂತ ಹೆಚ್ಚು ಬೆಳೆದಿರಲಿಲ್ಲ. ಆದ್ದರಿಂದ ಎಲ್ಲ ತಿಂಗಳೂ ಸರಿ ಗುರುತು ಪಡೆದಿದ್ದವು. ಕಾಲೇಜಿನಲ್ಲಿ ಕಲಿತದ್ದನ್ನು ಮರೆಯದ ನಾನು ಅವನ್ನು ಗ್ರಾಫ್ ಹಾಳೆಯ ಮೇಲೆ ಚುಕ್ಕಿಗಳಾಗಿ ಗುರುತಿಸಿ ಗೆರೆ ಎಳೆದೆ. ಬಾಯಲ್ಲಿ ಹೇಳುವ ಧೈರ್ಯವಿರಲಿಲ್ಲ. ಐದು ತಿಂಗಳ ಕೂಸಾದ ನಾನು ಇಪ್ಪತ್ತೇಳು ವರ್ಷ ಅಳೆದವರಿಗೆ ಅಳತೆಯ ಪಾಠ ಹೇಳುವುದೇ? ಹಾಳೆಯನ್ನು ಅವರ ಮೇಜಿನ ಮೇಲಿಟ್ಟು ದೂರ ನಿಂತೆ.

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, ಮೆತ್ತಗಿನ ಚರ್ಮ, ಹಿಡಿತ ಹೆಚ್ಚುಕಮ್ಮಿ ಆಗುತ್ತದೆಂದು ನಿಮಗೆ ಹೇಳಿದ್ದೆನಲ್ಲ ಎಂದರು.

"ಹೆಚ್ಚುಕಮ್ಮಿ ಅಂದ್ರೆ ಗೆರೆ ಮೇಲೂ ಹೋಗ್ಬೇಕು, ಕೆಳಗೂ ಬರ್ಬೇಕು ಅಲ್ವಾ ಸರ್? ಇದು ಒಂದ್ಸಲಾನೂ ಕೆಳಗೆ ಬಂದಿಲ್ಲ." ನನ್ನೂರಿನ ಮಾತೇ ಬಾಯಿಗೆ ಬಂತು. "ದಿನಾ ಮೇವು ಹಾಕೋರಿಗೆ ಕರು ಬೆಳೆದದ್ದು ಗೊತ್ತಾಗಲ್ಲ ಸರ್. ಬಂದ ನೆಂಟರಿಗೆ ಗೊತ್ತಾಗುತ್ತೆ."

ಅವರು ಸಿಟ್ಟಾಗಲಿಲ್ಲ. ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದರು. ಅಂದು ಮಧ್ಯಾಹ್ನ, ಇಪ್ಪತ್ತೇಳು ವರ್ಷಗಳಲ್ಲಿ ಮೊದಲ ಬಾರಿಗೆ, ಅರ್ಧ ದಿನದ ರಜೆ ಬರೆದರು.

ಚರ್ಮದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಮ್ಮ ಒತ್ತಾಯಿಸಿದ್ದರಿಂದ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ಪುಸ್ತಕವನ್ನು ಮೊದಲ ಸಾಲಿನಿಂದ ಕೊನೆಯವರೆಗೂ ಓದಿದರು. ಅದರಿಂದ ಕೂದಲೆಳೆಯವರ ಮುಖ ತುಸು ಸಡಿಲವಾಯಿತು. ಬೆಳಕಿರುವ ಪುಟ್ಟ ಭೂತಗನ್ನಡಿಯನ್ನು ತೋಳಿಗೆ ಹಚ್ಚಿ ನೋಡಿದ ಮೇಲೆ ಡಾಕ್ಟರು ಕೇಳಿದರು: "ಅಳತೆ ಅಚ್ಚುಕಟ್ಟಾಗಿದೆ. ಬಣ್ಣ ಎಲ್ಲಿ ಬರೆದಿದ್ದೀರಿ?"

ಬಣ್ಣಕ್ಕೆ ಅವರ ಪುಸ್ತಕದಲ್ಲಿ ಜಾಗವಿರಲಿಲ್ಲ. ಉಕ್ಕಿನ ತುಂಡಿಗೆ ಯಾರು ಬಣ್ಣ ಬರೆಯುತ್ತಾರೆ? ಮಚ್ಚೆಯ ಒಂದು ಪಕ್ಕ ಕಪ್ಪಾಗಿತ್ತು, ಅಂಚು ಹರಿದ ಕಾಗದದಂತೆ ಒರಟಾಗಿತ್ತು. ಅದನ್ನು ಅವರು ದಿನವೂ ನೋಡಿದ್ದರು, ಅಳೆಯಲಾಗದ್ದೆಂದು ಬಿಟ್ಟಿದ್ದರು. "ನಾನು ಹೇಳಿದ್ರೆ ಕೇಳ್ಲಿಲ್ಲ," ಎಂದರು ಅಮ್ಮ, ಡಾಕ್ಟರಿಗಲ್ಲ, ಗೋಡೆಗೆ. "ನಾನು ಅಂಕಿ ಅಲ್ವಲ್ಲ."

ಆ ಜಾಗವನ್ನಷ್ಟೇ ಮರಗಟ್ಟಿಸಿ ಮಚ್ಚೆಯನ್ನು ಕತ್ತರಿಸಿ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿಗೆ ಹತ್ತು ದಿನ. ಆ ಹತ್ತು ದಿನವೂ ಅವರು ಕೆಲಸಕ್ಕೆ ಬಂದರು, ಆದರೆ ಮುಗಿಸಿದ ತುಂಡುಗಳನ್ನು ಮತ್ತೆ ತೆಗೆದು ಅಳೆಯುತ್ತಿದ್ದರು. ಒಂದು ಮಧ್ಯಾಹ್ನ ನನ್ನನ್ನು ಕರೆದು, ಆ ಸೋದರಮಾವ ತೀರಿಕೊಂಡ ಮೇಲೆ ಒಂಟಿಯಾದ ಅತ್ತೆಯ ಹೆಸರೇ ನೆನಪಿಗೆ ಬರುತ್ತಿಲ್ಲ ಎಂದರು. ಅವರ ಬಾಯಿಂದ ಭಯವೆಂಬುದನ್ನು ನಾನು ಕೇಳಿದ್ದು ಅಷ್ಟೇ.

ವರದಿ ಬಂತು. ಅದು ಕೆಟ್ಟ ಜಾತಿಯದೇ, ಚರ್ಮದ ಕ್ಯಾನ್ಸರ್. ಆದರೆ ಆಳಕ್ಕಿಳಿದಿರಲಿಲ್ಲ; ದಪ್ಪ ಸೊನ್ನೆ ಪಾಯಿಂಟ್ ನಾಲ್ಕು ಮಿಲಿಮೀಟರ್. ಇನ್ನೂ ಒಂದು ವರ್ಷ ಸರಿ ಗುರುತು ಹಾಕುತ್ತ ಕೂತಿದ್ದರೆ ಈ ಅಂಕಿ ಇಷ್ಟು ಸಣ್ಣದಿರುತ್ತಿತ್ತೆಂದು ತಾನು ಹೇಳಲಾರೆ ಎಂದರು ಡಾಕ್ಟರು. ಸುತ್ತಲಿನ ಚರ್ಮವನ್ನು ಇನ್ನಷ್ಟು ಅಗಲಕ್ಕೆ ತೆಗೆಯಬೇಕು, ಆಮೇಲೆ ವರ್ಷಗಟ್ಟಲೆ ತಪ್ಪದೆ ಬಂದು ಮೈಯನ್ನೆಲ್ಲ ತೋರಿಸಬೇಕು. ಎಲ್ಲವನ್ನೂ ಕೇಳಿದ ಕೂದಲೆಳೆಯವರು ಒಂದೇ ಪ್ರಶ್ನೆ ಕೇಳಿದರು: ಆ ಸೊನ್ನೆ ಪಾಯಿಂಟ್ ನಾಲ್ಕನ್ನು ಯಾವ ಉಪಕರಣದಿಂದ ಅಳೆದಿರಿ? ಸೂಕ್ಷ್ಮದರ್ಶಕದಲ್ಲಿ ಎಂದು ಡಾಕ್ಟರು ಹೇಳಿದಾಗ ಗೌರವದಿಂದ ತಲೆಯಾಡಿಸಿದರು. ಅಮ್ಮ ಮೊದಲು ನಕ್ಕರು, ನಗುತ್ತಲೇ ಅತ್ತರು.

ಅಸಡ್ಡೆಯಿಂದ ಕೆಡುವವರನ್ನು ಲೋಕ ಬೈಯುತ್ತದೆ, ಬೈಯುವುದು ಸುಲಭ. ಶ್ರದ್ಧೆಯಿಂದಲೇ ಕೆಡುವ ಇನ್ನೊಂದು ಬಗೆಯ ಜನರಿದ್ದಾರೆ. ಅವರು ತಮ್ಮ ಭಯವನ್ನು ಗಮನಿಸುತ್ತಾರೆ, ಬರೆಯುತ್ತಾರೆ, ದಿನಾಂಕ ಹಾಕುತ್ತಾರೆ. ಅಷ್ಟು ಮಾಡಿದ್ದರಿಂದಲೇ ಇನ್ನೊಬ್ಬರನ್ನು ಕೇಳುವ ಕೆಲಸ ಮುಗಿಯಿತೆಂದು ನಂಬುತ್ತಾರೆ. ಇಂಥ ಹಲವರನ್ನು ನಾನು ಕಂಡಿದ್ದೇನೆ, ಕೆಲವೊಮ್ಮೆ ಕನ್ನಡಿಯಲ್ಲೂ. ಅವರಿಗೆ ಬುದ್ಧಿ ಹೇಳಬೇಕಿಲ್ಲ. ಅವರ ಪುಸ್ತಕವನ್ನು ಮೊದಲ ಪುಟದಿಂದ ಓದುವ ಒಬ್ಬರು ಬೇಕು, ಅಷ್ಟೆ.

ಕೂದಲೆಳೆಯವರು ನಿವೃತ್ತರಾಗಿ ಆರು ವರ್ಷವಾಯಿತು. ಈಗ ಆರು ತಿಂಗಳಿಗೊಮ್ಮೆ ಅದೇ ಡಾಕ್ಟರ ಕೋಣೆಗೆ ಹೋಗುತ್ತಾರೆ, ಅಂಗಿ ಬಿಚ್ಚಿ ದೀಪದ ಕೆಳಗೆ ಕೂರುತ್ತಾರೆ, ಅವರು ನೋಡಿ ಮುಗಿಸುವವರೆಗೆ ಸುಮ್ಮನಿರುತ್ತಾರೆ.