ತೊಟ್ಟಿಲ ಹಲಗೆಯ ಅಚ್ಚು

ಯುದ್ಧ ಶುರುವಾದ ಮೇಲೆ ಜ್ಯೂರಿಕ್‌ನಲ್ಲಿ ಅಚ್ಚು ಕೆತ್ತಲು ಒಳ್ಳೆಯ ಮರವೇ ಸಿಗುತ್ತಿರಲಿಲ್ಲ. ಚಿತ್ರ ಕೆತ್ತುವ ಒಟೀಲಿ ನನ್ನ ಮುದ್ರಣದ ಅಂಗಡಿಗೆ ಬಂದು ಹಲಗೆಗಾಗಿ ಗೋಗರೆದಾಗ, ಮೂಲೆಯಲ್ಲಿದ್ದ ತೊಟ್ಟಿಲಿನ ಒಂದು ಪಕ್ಕವನ್ನು ಕಳಚಿ ಕೊಟ್ಟುಬಿಟ್ಟೆ. ನನ್ನ ಕೂಸು ಲೀನಿ ತೀರಿಕೊಂಡ ಮೇಲೆ ಆ ತೊಟ್ಟಿಲು ಕಣ್ಣೆದುರು ಇಲ್ಲದಿದ್ದರೆ ಸಾಕೆನಿಸಿತ್ತು.

ಅರ್ಥವಿಲ್ಲದ್ದೇ ಕಲೆ ಎನ್ನುವ ಅವಳ ‘ದಾದಾ’ ಕಲಾವಿದರ ಗುಂಪಿನ ಪತ್ರಿಕೆಗೆಂದು ಅವಳು ಕೆತ್ತಿ ತಂದ ಅಚ್ಚಿನಲ್ಲಿ ಉಬ್ಬಿದ ಒಂದು ಆಕಾರ ಬಿಟ್ಟರೆ ಬೇರೇನೂ ಇರಲಿಲ್ಲ.

“ಇದೇನೇ, ಆಲೂಗಡ್ಡೆನಾ?”

“ಮೆಲ್ಲಗೆ ಹೇಳು ರೆಗುಲಕ್ಕ! ನಮ್ಮೋರು ಕೇಳಿಸ್ಕೊಂಡ್ರೆ ನನ್ನ ಒದ್ದು ಓಡಿಸ್ತಾರೆ. ಇದು ಏನೂ ಅಲ್ಲ.”

“ಏನೂ ಅಲ್ಲದ್ದಕ್ಕೆ ಇಷ್ಟು ಮಸಿ ದಂಡ.”

ಮೊದಲ ಹಾಳೆ ಎತ್ತಿದೆ. ಕಪ್ಪು ಆಕಾರದ ಅಂಚಿನಲ್ಲಿ ಎರಡು ಬಿಳಿ ಚುಕ್ಕೆ.

“ಅದು ನಾನು ಕೆತ್ತಿದ್ದಲ್ಲ. ಹಲಗೇಲೇ ಇತ್ತು, ಚೆನ್ನಾಗಿದೆ ಅಂತ ಬಿಟ್ಟೆ,” ಎಂದಳು.

ಲೀನಿ ತೊಟ್ಟಿಲ ಅಂಚನ್ನು ಕಚ್ಚುತ್ತಿದ್ದಳು. ಅವಳಿಗೆ ಬಂದದ್ದು ಎರಡೇ ಹಲ್ಲು.

ಮಧ್ಯಾಹ್ನದ ಹೊತ್ತಿಗೆ ಹಾಳೆಗಳಲ್ಲಿ ಚುಕ್ಕೆ ನಾಲ್ಕಾಗಿದ್ದವು. ಆಮೇಲೆ ಒಂದು ಸಾಲೇ ಮೂಡಿತು. ಒತ್ತಿ ಒತ್ತಿ ಮರ ಚಕ್ಕೆ ಏಳುತ್ತಿದೆಯೆಂದು ಒಟೀಲಿ ಹೇಳಿದಳು. ಬೇಕಾದಷ್ಟು ಹಾಳೆ ಆಗಿದ್ದರೂ ನಾನು ಇನ್ನೊಂದು ಇಟ್ಟೆ, ಮತ್ತೊಂದು ಇಟ್ಟೆ. ನಾನು ಕೈ ನಿಲ್ಲಿಸಿದರೆ ಲೀನಿ ಬೆಳೆಯುವುದೂ ನಿಲ್ಲುತ್ತದೆ.

“ಅಮ್ಮಾ, ಸಾರು ಆರಿಹೋಯ್ತು. ಎಷ್ಟು ಸಲ ಕರೀಲಿ?” ಒಳಗಿನಿಂದ ದೊಡ್ಡ ಮಗಳು ವ್ರೇನಿ ಕೂಗಿದಳು.

“ಸಾಕು ಬಿಡಕ್ಕ, ಅಚ್ಚು ಗೀರೋಣ,” ಎಂದಳು ಒಟೀಲಿ. ಕೆಲಸ ಮುಗಿದ ಮೇಲೆ ಅಚ್ಚಿಗೆ ಅಡ್ಡಗೀರು ಎಳೆದು, ಅದರ ಸಾಕ್ಷಿಗೆ ಕೊನೆಯ ಹಾಳೆಯೊಂದನ್ನು ಒತ್ತಿಡುವುದು ನಮ್ಮ ಕಸುಬಿನ ರೂಢಿ. ಇಲ್ಲದಿದ್ದರೆ ಆಮೇಲೆ ಎಷ್ಟು ಬೇಕಾದರೂ ಒತ್ತಬಹುದು, ಕೊಂಡವರಿಗೆ ಮೋಸ.

“ಬೇಡ ಕಣೇ. ಅದು ಲೀನಿ ಹಲ್ಲು.”

ಅವಳು ಉಳಿಯನ್ನು ಕೆಳಗಿಟ್ಟಳು. “ಹಾಗಿದ್ರೆ ನಾನು ಗೀರಲ್ಲ. ನೀನೇ ಇಟ್ಕೋ.”

“ಅಮ್ಮಾ...” ವ್ರೇನಿಯ ದನಿಯಲ್ಲಿ ಈಗ ಸಿಟ್ಟಿರಲಿಲ್ಲ, ಅಳುವಿತ್ತು.

ಉಳಿ ತೆಗೆದುಕೊಂಡು ನಾನೇ ಗೀರಿದೆ. ಅಂಚನ್ನು ಮಾತ್ರ ಮುಟ್ಟಲಿಲ್ಲ.

ಸಾಕ್ಷಿಯ ಹಾಳೆಯಲ್ಲಿ ಗೀರು ಬೆಳ್ಳಗೆ ಮೂಡಿತ್ತು. ಚುಕ್ಕೆ ಒಂದೂ ಇರಲಿಲ್ಲ.

“ಮಸಿ ತುಂಬ್ಕೊಂಡಿರ್ಬೇಕು,” ಎಂದಳು ಒಟೀಲಿ, ನನ್ನ ಮುಖ ನೋಡದೆ.

ಅಚ್ಚನ್ನು ಒರೆಸಿ ಅಂಚಿನ ಮೇಲೆ ಬೆರಳಾಡಿಸಿದೆ. ನುಣ್ಣಗಿತ್ತು, ಹಲ್ಲು ಬರುವ ಮುಂಚಿನ ವಸಡಿನಂತೆ.