ಎಡಗಿವಿಯ ಅಳತೆ

ಬಾಗೂರಿನ ಮುದ್ದಮ್ಮ ಮಾಡಿದ್ದು ಯಾವ ತಾಯಿಯಾದರೂ ಮಾಡೋ ಕೆಲಸವೇ ಬಿಡಿ. ಹಾಸನದ ಕ್ಯಾಂಪಿನಲ್ಲಿ ಮಗಳು ಶಾಂತಿಯ ಫೋಟೊ ತೆಗೀತಾರೆ ಅಂತ ತಲೆಗೂ ಮುಖಕ್ಕೂ ಕೊಬ್ಬರಿ ಎಣ್ಣೆ ಮೆತ್ತಿ ಫಳಫಳ ಅನ್ನಿಸಿ ಕರಕೊಂಡು ಬಂದಳು.

ಅದು ಬರೀ ಫೋಟೊ ಆಗಿದ್ದರೆ ಚಿಂತೆಯಿರಲಿಲ್ಲ. ಸುಟ್ಟುಹೋದ ಎಡಗಿವಿಯ ಜಾಗಕ್ಕೆ ರಬ್ಬರಿನಂಥ ಕಿವಿ ಕೂರಿಸೋಕೆ ಅಳತೆ ಅದು. ಯಂತ್ರ ಚರ್ಮದ ಮೇಲೆ ಬೆಳಕಿನ ಗೆರೆ ಬಿಡುತ್ತೆ. ಗೆರೆ ಎಲ್ಲೆಲ್ಲಿ ಎಷ್ಟೆಷ್ಟು ಬಾಗಿತು ಅಂತ ನೋಡಿ ಉಬ್ಬುತಗ್ಗು ಹಿಡಿಯುತ್ತೆ. ಮಿಂಚೋ ಕಡೆ ಗೆರೆ ಚೆದುರಿಹೋಗಿ ಪರದೆ ಮೇಲೆ ಬರೀ ತೂತು.

"ಎಣ್ಣೆ ಹಚ್ಚಿದ್ದೀರಾ ಅಮ್ಮಾ?" ಅಂದಳು ಯಂತ್ರ ನಡೆಸೋ ಸೌಜನ್ಯ.

"ಊಂ ಕಣವ್ವ, ಲಕ್ಷಣವಾಗಿ ಕಾಣ್ಲಿ ಅಂತ..." ಮುದ್ದಮ್ಮನಿಗೆ ನಾಚಿಕೆಯಿಂದ ಹಿಡಿಯಷ್ಟಾಯಿತು ಜೀವ.

ಸೋಪು ಹಾಕಿ ತೊಳೆಸಿದರು. ಮುಖವೇನೋ ಸರಿಹೋಯಿತು, ಎಡಗಡೆಯ ಕಲೆ ಮಾತ್ರ ಜಗ್ಗಲಿಲ್ಲ. ಸುಟ್ಟು ಮಾಗಿದ ಚರ್ಮ ಎಣ್ಣೆಯಿಲ್ಲದೆಯೂ ಹೊಳೆಯುತ್ತೆ. ಪೌಡರ್ ಬಳಿದರೆ ಹೊಳಪು ಸಾಯುತ್ತೆ ಅಂತ ಸೌಜನ್ಯ ಹತ್ತಿ ಹಿಡಿದು ಹತ್ತಿರ ಬಂದಳೋ ಇಲ್ಲವೋ, ಶಾಂತಿ ಅಂಗೈಯಲ್ಲಿ ಕಲೆ ಮುಚ್ಚಿಕೊಂಡಳು. "ಮುಟ್ಬೇಡಿ ಮೇಡಂ!"

ಹಡೆದವಳಿಗೇ ಮುಟ್ಟಗೊಡದವಳು ಅವಳು. ಎಳವೆಯಲ್ಲಿ, ಕುದಿಯೋ ಎಸರು ಮುದ್ದಮ್ಮನ ಕೈಜಾರಿ ಅವಳ ಮೇಲೆ ಬಿದ್ದಿತ್ತು. ಆವತ್ತಿಂದ ಎಡಗಡೆ ಎಣ್ಣೆಯನ್ನೂ ತಾನೇ ಸವರಿಕೊಳ್ಳೋಳು, ಕಾಲೇಜಿಗೂ ವೇಲು ಸುತ್ತಿಕೊಂಡೇ ಹೋಗೋಳು. ಕೇಳಿ ಮುಟ್ಟೋ ಧೈರ್ಯ ಮುದ್ದಮ್ಮನಿಗೂ ಬರಲಿಲ್ಲ, ಪಾಪ.

"ಸಂಜೆಗೆ ಯಂತ್ರ ಮೈಸೂರಿಗೆ ವಾಪಸ್ ಹೋಗುತ್ತಮ್ಮಾ. ಅಳತೆ ಸಿಗದಿದ್ರೆ ಕಿವಿ ಆಗಲ್ಲ. ನೀನೇ ಬಳ್ಕೊಳ್ತೀಯಾ?" ಅಂದಳು ಸೌಜನ್ಯ ಶಾಂತಿಗೆ.

ಶಾಂತಿ ಬಳಿದುಕೊಂಡಳು. ಕಾಣದ ಜಾಗ, ಒಂದು ಕಡೆ ದಪ್ಪ, ಒಂದು ಕಡೆ ಬೋಳು. ಪರದೆ ಮೇಲೆ ಮತ್ತೆ ತೂತು. ಇನ್ನೊಮ್ಮೆ ಹತ್ತಿಯನ್ನು ಪೌಡರಿಗೆ ಅದ್ದಿದವಳು, ಅದನ್ನು ಮುದ್ದಮ್ಮನ ಕಡೆ ಚಾಚಿದಳು.

"ನೀನೇ ಬಳಿಯವ್ವ."

ಮುದ್ದಮ್ಮ ಕಲೆಯ ಮೇಲೆ ಹತ್ತಿ ಆಡಿಸಿದಳು, ಬೆರಳೂ ತಾಗಿತು. ಅಯ್ಯೋ, ಎಷ್ಟು ನುಣುಪಾಗಿದೆ ನನ್ನ ಕೂಸಿನ ಚರ್ಮ! "ನೋಯ್ತದಾ ಮಗಾ?"

"ಇಲ್ಲ ಕಣವ್ವ. ಅಳ್ಬೇಡ, ಪೌಡರ್ ನೆಂದೋಯ್ತದೆ."

ಮುದ್ದಮ್ಮ ಮುಖ ಆಚೆ ತಿರುಗಿಸಿಕೊಂಡು ಅತ್ತಳು. ಕೈ ಮಾತ್ರ ಅಲ್ಲೇ ಇತ್ತು, ಮೆಲ್ಲಗೆ ಬಳೀತಾ.